ಕೊಲೆಯಾದ ಮನೆಯಲ್ಲಿ ಕದ ತೆರೆಯುವವನು

ಕೊಲೆ ಮುಗಿದಿದೆ. ಅತಿಥಿಯಾಗಿ ಬಂದು ಮಲಗಿದ್ದ ಮುದಿ ರಾಜ ಡಂಕನ್ ಹಾಸಿಗೆಯಲ್ಲೇ ಹೆಣವಾಗಿದ್ದಾನೆ. ಕೊಂದ ಮ್ಯಾಕ್‌ಬೆತ್ ತನ್ನ ಕೈಗಳನ್ನೇ ದಿಟ್ಟಿಸುತ್ತ ನಿಂತುಬಿಟ್ಟಿದ್ದಾನೆ. ಗಾಬರಿಯಲ್ಲಿ ಅವನು ಹಿಡಿದುಕೊಂಡೇ ಬಂದ ಕಠಾರಿಗಳನ್ನು ಮತ್ತೆ ಒಳಗಿಟ್ಟು, ಮಲಗಿದ್ದ ಕಾವಲಿನವರಿಗೆ ನೆತ್ತರು ಬಳಿದು ಬರಲು ಹೆಂಡತಿ ಹೋಗಿದ್ದಾಳೆ. ಆಗ ಕೋಟೆಯ ಬಾಗಿಲು ಬಡಿಯುವ ಸದ್ದು. ಅವಳು ಹಿಂತಿರುಗುವಷ್ಟರಲ್ಲಿ ಮತ್ತೊಮ್ಮೆ, ಮಗದೊಮ್ಮೆ. ಕೈ ತೊಳೆದುಕೊಂಡು ರಾತ್ರಿಯ ನಿಲುವಂಗಿ ತೊಟ್ಟುಕೊಳ್ಳುವಂತೆ ಗಂಡನನ್ನು ಹೊರಡಿಸಿಕೊಂಡು ಹೋಗುತ್ತಾಳೆ. ರಂಗದ ಮೇಲೆ ಯಾರೂ ಇಲ್ಲ, ಬಡಿತ ಮಾತ್ರ ನಿಂತಿಲ್ಲ. ಆ ಖಾಲಿ ರಂಗಕ್ಕೆ ಬರುವವನು ಬಾಗಿಲು ಕಾಯುವ ಆಳು. ಹಿಂದಿನ ರಾತ್ರಿಯ ಔತಣದಲ್ಲಿ ಕೋಳಿ ಎರಡನೇ ಸಲ ಕೂಗುವ ತನಕ ಕುಡಿದವನು. ಅಮಲು ಇನ್ನೂ ಇಳಿದಿಲ್ಲ.

ಅವನು ನೆಟ್ಟಗೆ ಹೋಗಿ ಅಗುಳಿ ತೆಗೆಯುವುದಿಲ್ಲ. ತಾನು ನರಕದ ಬಾಗಿಲು ಕಾಯುವವನು ಎಂದುಕೊಂಡು ಒಂದು ಆಟ ಹೂಡುತ್ತಾನೆ. ಬಡಿತ ಕೇಳಿದಂತೆಲ್ಲ ಒಬ್ಬೊಬ್ಬ ಪಾಪಿಯನ್ನು ಒಳಕ್ಕೆ ಬರಮಾಡಿಕೊಳ್ಳುತ್ತಾನೆ. ಬೆಲೆ ಏರಲೆಂದು ಕಾಳು ಕೂಡಿಟ್ಟು, ಬೆಳೆ ಚೆನ್ನಾಗಿ ಬರುವ ಲಕ್ಷಣ ಕಂಡೊಡನೆ ನೇಣು ಹಾಕಿಕೊಂಡ ರೈತ. ಒಂದು ಮಾತಿಗೆ ಎರಡು ಅರ್ಥ ಇಟ್ಟು ಎರಡೂ ಕಡೆಗೆ ಆಣೆ ಮಾಡಿ, ದೇವರ ಮುಂದೆ ಮಾತ್ರ ಆ ಜಾಣತನ ನಡೆಯದೆ ಬಂದವನು. ಗಿರಾಕಿಯ ಚಲ್ಲಣದ ಬಟ್ಟೆಯಲ್ಲೂ ಕದ್ದ ದರ್ಜಿ. ಕೊನೆಗೆ ಚಳಿ ತಡೆಯಲಾರದೆ, ನರಕದಲ್ಲಿ ಇಷ್ಟು ಚಳಿ ಇರಲು ಸಾಧ್ಯವಿಲ್ಲ ಎಂದು ಆಟ ಬಿಟ್ಟು ಕದ ತೆಗೆಯುತ್ತಾನೆ. ಒಳಗೆ ಬಂದ ಮ್ಯಾಕ್‌ಡಫ್ ಮತ್ತು ಲೆನಾಕ್ಸ್ ಮುಂದೆ ಭಕ್ಷೀಸಿಗೆ ಕೈ ಚಾಚುತ್ತಾನೆ. ಕುಡಿತದಿಂದ ಮನುಷ್ಯನಿಗೆ ಏನೇನಾಗುತ್ತದೆ ಎಂಬ ಬಗ್ಗೆ ಪೋಲಿ ಉಪನ್ಯಾಸವನ್ನೂ ಕೊಡುತ್ತಾನೆ. ನೋಡುವವರು ನಗುತ್ತಾರೆ. ಪಕ್ಕದ ಕೋಣೆಯಲ್ಲಿ ಹೆಣ ಬಿದ್ದಿರುವುದು ನಗುವವರಿಗೆ ಗೊತ್ತು, ನಗಿಸುವವನಿಗೆ ಗೊತ್ತಿಲ್ಲ.

ಡಿ.ವಿ.ಜಿ. ಅವರ ಅನುವಾದದಲ್ಲೋ ಕಾಲೇಜಿನ ಪಠ್ಯದಲ್ಲೋ ‘ಮ್ಯಾಕ್‌ಬೆತ್’ ಓದಿದವರಿಗೆ ಈ ದೃಶ್ಯದ ಬಗ್ಗೆ ಒಂದು ಸಿದ್ಧ ವಿವರಣೆ ನೆನಪಿರುತ್ತದೆ. ಭಯ, ದುಃಖ ಏರುತ್ತಲೇ ಹೋದರೆ ಪ್ರೇಕ್ಷಕ ತಾಳಲಾರ. ಅದಕ್ಕೆ ನಾಟಕಕಾರ ನಡುವೆ ಒಂದಿಷ್ಟು ನಗೆ ಕೊಟ್ಟು ಉಸಿರಾಡಲು ಬಿಡುತ್ತಾನೆ. ಇದು ಹಳೆಯ ವಿವರಣೆ. ನಾಟಕ ಕಾವ್ಯದ ಬಗ್ಗೆ ಜಾನ್ ಡ್ರೈಡನ್ 1668ರಲ್ಲಿ ಪ್ರಕಟಿಸಿದ ಸಂವಾದರೂಪದ ಪ್ರಬಂಧದಲ್ಲಿ ಒಬ್ಬ ಮಾತುಗಾರ ಇದನ್ನೇ ಹೇಳುತ್ತಾನೆ: ಗಂಭೀರದ ನಡುವೆ ಬರುವ ನಗೆ, ಅಂಕಗಳ ನಡುವೆ ಬರುವ ಸಂಗೀತದ ಹಾಗೆ ಮನಸ್ಸಿಗೆ ಬಿಡುವು ಕೊಡುತ್ತದೆ. ಇದು ಸುಳ್ಳಲ್ಲ, ಆದರೆ ಈ ದೃಶ್ಯಕ್ಕೆ ಸಾಲುವುದಿಲ್ಲ. ಕಾವಲುಗಾರ ಎಷ್ಟು ಹೊತ್ತು ಹರಟುತ್ತಾನೋ ಅಷ್ಟು ಹೊತ್ತು ಕದ ತೆರೆಯುವುದಿಲ್ಲ. ಕದ ತೆರೆಯುವ ತನಕ ಕೊಲೆ ಬಯಲಾಗುವುದಿಲ್ಲ. ಅವನ ಒಂದೊಂದು ಮಾತಿಗೆ ನಗುತ್ತಿರುವಾಗಲೂ ಕಿವಿ ಆ ಬಡಿತದ ಕಡೆಗೇ ಇರುತ್ತದೆ. ಉಸಿರು ಬಿಡುವುದಿರಲಿ, ಹಿಡಿದುಕೊಂಡೇ ನಗಬೇಕಾಗುತ್ತದೆ.

ಇಂಗ್ಲಿಷ್ ರಂಗಭೂಮಿಯ ದೊಡ್ಡ ದುರಂತ ನಾಟಕಗಳಲ್ಲಿ ನಗಿಸುವವರನ್ನೆಲ್ಲ ಒಂದು ಕಡೆ ನಿಲ್ಲಿಸಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರೆಲ್ಲ ಕೆಲಸದಲ್ಲಿರುವವರು. ಒಬ್ಬ ಕದ ತೆರೆಯಬೇಕು, ಒಬ್ಬ ಗುಂಡಿ ತೋಡಬೇಕು, ಒಬ್ಬ ನೇಣಿನ ಹಗ್ಗ ಸರಿಮಾಡಬೇಕು, ಒಬ್ಬ ಬುಟ್ಟಿ ತಲುಪಿಸಬೇಕು. ಮದುವೆಗೆಂದು ಕರೆಸಿದ ವಾದ್ಯದವರಿಗೆ ನುಡಿಸುವ ಕೆಲಸ. ರಾಜರು, ರಾಣಿಯರು, ರಾಜಕುಮಾರರು ತಮ್ಮ ದುಃಖದಲ್ಲಿ ಮುಳುಗಿದ್ದಾಗ ಈ ಜನ ಕೂಲಿಗಾಗಿ ಅಲ್ಲಿದ್ದಾರೆ. ಅವರ ಮಾತು ಛಂದಸ್ಸಿನಲ್ಲಿಲ್ಲ, ಬಹುಪಾಲು ಗದ್ಯದಲ್ಲಿದೆ. ಸಂಸ್ಕೃತ ನಾಟಕದ ವಿದೂಷಕ ರಾಜನ ಗೆಳೆಯ. ನಾಯಕನ ಗುಟ್ಟೆಲ್ಲ ಅವನಿಗೆ ತಿಳಿದಿರುತ್ತದೆ. ಈ ಬಾಗಿಲು ಕಾಯುವವರಿಗೆ, ಗುಂಡಿ ತೋಡುವವರಿಗೆ ನಾಯಕ ಯಾರೆಂದೇ ಎಷ್ಟೋ ಸಲ ತಿಳಿದಿರುವುದಿಲ್ಲ. ಅವರ ಹಾಸ್ಯಕ್ಕೆ ಬಲ ಬರುವುದೇ ಆ ತಿಳಿಯದಿರುವಿಕೆಯಿಂದ ಎಂಬುದು ನನ್ನ ನಂಬಿಕೆ.

ಶೇಕ್ಸ್‌ಪಿಯರ್‌ಗೆ ಮೊದಲೇ, 1580ರ ದಶಕದಲ್ಲಿ ಥಾಮಸ್ ಕಿಡ್ ಬರೆದ ‘ದಿ ಸ್ಪ್ಯಾನಿಷ್ ಟ್ರಾಜಿಡಿ’ಯಲ್ಲಿ ಇದರ ಒಂದು ಭಯಂಕರ ಮಾದರಿ ಇದೆ. ಯಜಮಾನ ಲೊರೆಂಜೊಗಾಗಿ ಕೊಲೆ ಮಾಡಿ ಸಿಕ್ಕಿಬಿದ್ದ ಪೆಡ್ರಿಂಗಾನೊ ಗಲ್ಲುಗಂಬದ ಬುಡದಲ್ಲಿದ್ದಾನೆ. ಯಜಮಾನ ಒಬ್ಬ ಹುಡುಗನ ಕೈಯಲ್ಲಿ ಪೆಟ್ಟಿಗೆ ಕಳಿಸಿದ್ದಾನೆ. ಅದರಲ್ಲಿ ಕ್ಷಮಾಪಣೆಯ ಪತ್ರ ಇದೆ, ಹೆದರಬೇಡ ಎಂದು ಹೇಳಿಸಿದ್ದಾನೆ. ಪೆಟ್ಟಿಗೆ ತೆರೆಯಬಾರದೆಂದು ಹುಡುಗನಿಗೆ ಆಜ್ಞೆ. ಹುಡುಗ ತಡೆಯಲಾರದೆ ತೆರೆದು ನೋಡಿದರೆ ಒಳಗೆ ಏನೂ ಇಲ್ಲ. ಅವನಿಗೆ ಇದು ತಮಾಷೆ ಎನಿಸುತ್ತದೆ. ಮುಂದಿನ ದೃಶ್ಯದಲ್ಲಿ ಹುಡುಗ ಆ ಖಾಲಿ ಪೆಟ್ಟಿಗೆಯತ್ತ ಬೆರಳು ತೋರುತ್ತ ನಿಂತಿರುತ್ತಾನೆ, ಪೆಡ್ರಿಂಗಾನೊ ನೇಣುಗಾರನನ್ನು ಗೇಲಿ ಮಾಡುತ್ತ, ನ್ಯಾಯಾಧೀಶನನ್ನು ಲೆಕ್ಕಿಸದೆ ಮಾತಿಗೆ ಮಾತು ಜೋಡಿಸುತ್ತ ಇರುತ್ತಾನೆ. ನಗುತ್ತ ನಗುತ್ತಲೇ ಅವನ ಕಾಲಡಿಯ ನೆಲ ಹೋಗುತ್ತದೆ. ಈ ನಗೆಯಲ್ಲಿ ಬಿಡುವು ಎಲ್ಲಿದೆ? ಪೆಟ್ಟಿಗೆ ಖಾಲಿ ಎಂದು ತಿಳಿದ ಪ್ರೇಕ್ಷಕ ತಾನೂ ಆ ಹುಡುಗನ ಪಕ್ಕದಲ್ಲೇ ನಿಂತುಬಿಟ್ಟಿರುತ್ತಾನೆ.

ಹೀಗೆ ಅಳುವಿನ ಜೊತೆ ನಗುವನ್ನು ಬೆರೆಸುವುದು ವಿದ್ಯಾವಂತರಿಗೆ ಹಿಡಿಸುತ್ತಿರಲಿಲ್ಲ. ಸರ್ ಫಿಲಿಪ್ ಸಿಡ್ನಿ ಕಾವ್ಯದ ಪರವಾಗಿ ಬರೆದು, ಅವನು ಸತ್ತ ಮೇಲೆ 1595ರಲ್ಲಿ ಅಚ್ಚಾದ ಗ್ರಂಥದಲ್ಲಿ ರಾಜರ ನಡುವೆ ಕೋಡಂಗಿಗಳನ್ನು ತಂದು ನುಗ್ಗಿಸುವ ನಾಟಕಗಳನ್ನು ತೀವ್ರವಾಗಿ ಟೀಕಿಸಿದ. ಗ್ರೀಕರು, ರೋಮನರು ಹಾಕಿಕೊಟ್ಟ ಗೆರೆಯನ್ನು ಇವು ದಾಟಿದವು ಎಂಬುದು ಅವನ ಆಕ್ಷೇಪ. ಸಿಡ್ನಿಯಂಥವರು ಏನೇ ಹೇಳಲಿ, ಲಂಡನ್ನಿನ ರಂಗಮಂದಿರಗಳ ಬದುಕು ಬೇರೆಯಾಗಿತ್ತು. ನಾಟಕ ನಡೆಯುತ್ತಿದ್ದುದು ಮಧ್ಯಾಹ್ನ, ಸೂರ್ಯನ ಬೆಳಕಿನಲ್ಲಿ. ಒಂದು ಪೆನ್ನಿ ಕೊಟ್ಟವರು ರಂಗದ ಮೂರು ಬದಿಗೂ ಒತ್ತಿಕೊಂಡು ನಿಂತೇ ನೋಡುತ್ತಿದ್ದರು. ನಟನಿಗೆ ಅವರ ಮುಖ ಕಾಣುತ್ತಿತ್ತು, ಅವರಿಗೆ ನಟನ ಬೆವರು ಕಾಣುತ್ತಿತ್ತು. ಬಾಸೆಲ್‌ನಿಂದ ಬಂದ ಥಾಮಸ್ ಪ್ಲಾಟರ್ ಎಂಬ ಪ್ರವಾಸಿ 1599ರ ಸೆಪ್ಟೆಂಬರ್ 21ರಂದು ಥೇಮ್ಸ್ ನದಿ ದಾಟಿ ಹೋಗಿ, ಹುಲ್ಲು ಹೊದಿಸಿದ ರಂಗಮಂದಿರವೊಂದರಲ್ಲಿ ಜೂಲಿಯಸ್ ಸೀಸರನ ದುರಂತ ನೋಡಿದ್ದನ್ನು ಬರೆದಿಟ್ಟಿದ್ದಾನೆ. ಸೀಸರ್ ಸತ್ತು, ಬ್ರೂಟಸ್ ಸತ್ತು ನಾಟಕ ಮುಗಿದ ಮೇಲೆ ಗಂಡುಡುಗೆಯಲ್ಲಿ ಇಬ್ಬರು, ಹೆಣ್ಣುಡುಗೆಯಲ್ಲಿ ಇಬ್ಬರು ಬಂದು ಸೊಗಸಾಗಿ ಕುಣಿದರಂತೆ. ಹೆಣಗಳು ಬಿದ್ದ ಹಲಗೆಯ ಮೇಲೆಯೇ ಕುಣಿತ ನೋಡಿ ಮನೆಗೆ ಹೋಗುವುದು ಆ ಪ್ರೇಕ್ಷಕರಿಗೆ ರೂಢಿ. ಈ ಕುಣಿತಗಳಿಗೆ ಪುಂಡರು ಸೇರಿ ಗಲಭೆಯಾಗುತ್ತದೆಂದು 1612ರಲ್ಲಿ ಮಿಡ್ಲ್‌ಸೆಕ್ಸ್‌ನ ನ್ಯಾಯಾಧಿಕಾರಿಗಳು ಅವನ್ನು ನಿಲ್ಲಿಸುವಂತೆ ಆಜ್ಞೆ ಹೊರಡಿಸಿದರು.

ಇಂಥ ರಂಗದಲ್ಲಿ ಹಾಸ್ಯನಟ ಕಂಪನಿಯ ದೊಡ್ಡ ಆಸ್ತಿ. ಶೇಕ್ಸ್‌ಪಿಯರ್‌ನ ತಂಡದಲ್ಲಿ 1599ರವರೆಗೆ ಆ ಜಾಗ ವಿಲ್ ಕೆಂಪ್‌ನದು. ದೇಹದ ಕಸುವಿನಿಂದ, ಕುಣಿತದಿಂದ ಜನರನ್ನು ಗೆಲ್ಲುತ್ತಿದ್ದವನು. ತಂಡ ಬಿಟ್ಟ ಮೇಲೆ 1600ರಲ್ಲಿ ಲಂಡನ್ನಿನಿಂದ ನಾರಿಚ್‌ವರೆಗೆ ನೂರಕ್ಕೂ ಹೆಚ್ಚು ಮೈಲಿ ಮಾರಿಸ್ ಕುಣಿತ ಕುಣಿಯುತ್ತಲೇ ಹೋಗಿ, ಅದರ ಬಗ್ಗೆ ಪುಸ್ತಕವನ್ನೂ ಬರೆದ. ‘ರೋಮಿಯೋ ಅಂಡ್ ಜೂಲಿಯೆಟ್’ನ 1599ರ ಮುದ್ರಣದಲ್ಲಿ ಒಂದು ಕಡೆ ಪೀಟರ್ ಎಂಬ ಆಳಿನ ಪ್ರವೇಶಕ್ಕೆ ಬದಲು ನಟ ಕೆಂಪ್‌ನ ಹೆಸರೇ ಅಚ್ಚಾಗಿದೆ. ಆ ದೃಶ್ಯ ಯಾವುದು ಎನ್ನುವುದು ಮುಖ್ಯ. ಮದುವೆಯ ದಿನ ಬೆಳಗ್ಗೆ ಜೂಲಿಯೆಟ್ ಹಾಸಿಗೆಯಲ್ಲಿ ಹೆಣವಾಗಿ ಕಂಡಿದ್ದಾಳೆ. ತಾಯಿ, ತಂದೆ, ದಾದಿ, ವರ ಎಲ್ಲರೂ ಗೋಳಾಡಿ ಹೋಗಿದ್ದಾರೆ. ಮದುವೆಗೆ ನುಡಿಸಲು ಬಂದ ವಾದ್ಯದವರು ಮಾತ್ರ ಅಲ್ಲೇ ಉಳಿದಿದ್ದಾರೆ. ಪೀಟರ್ ಬಂದು ನನ್ನ ಎದೆ ಒಡೆದಿದೆ, ಗೆಲುವಿನ ಧಾಟಿಯಲ್ಲಿ ಒಂದು ಶೋಕಗೀತೆ ನುಡಿಸಿ ಎಂದು ಪೀಡಿಸುತ್ತಾನೆ. ಅವರು ಒಲ್ಲೆ ಎನ್ನುತ್ತಾರೆ. ಜಗಳ, ಒಗಟು, ಬೈಗುಳ. ಅವನು ಹೋದ ಮೇಲೆ ವಾದ್ಯದವರು ತೀರ್ಮಾನಿಸುವುದು ಇಷ್ಟೇ: ಶವಸಂಸ್ಕಾರಕ್ಕೆ ಜನ ಬರುತ್ತಾರೆ, ಕಾದಿದ್ದು ಊಟ ಮಾಡಿಕೊಂಡೇ ಹೋಗೋಣ.

ಇಂದಿನ ಪ್ರಯೋಗಗಳಲ್ಲಿ ಎಷ್ಟೋ ಸಲ ಈ ಭಾಗ ಹಾರಿಸಿಬಿಡುತ್ತಾರೆ. ನನಗೆ ಅದು ನಷ್ಟವೆಂದೇ ಅನಿಸುತ್ತದೆ. ಜೂಲಿಯೆಟ್ ಸತ್ತಿಲ್ಲ, ಔಷಧಿಯ ನಿದ್ದೆಯಲ್ಲಿದ್ದಾಳೆ ಎಂದು ನಮಗೆ ಗೊತ್ತು. ಮನೆಯವರ ಗೋಳಾಟ ನಿಜವಾದರೂ ಅದಕ್ಕೆ ಕಾರಣವಾದ ಸಾವು ನಿಜವಲ್ಲ. ಆ ಗೋಳಾಟ ಮುಗಿದ ಕೂಡಲೇ ಬರುವ ಊಟದ ಲೆಕ್ಕಾಚಾರ ಅಳುವನ್ನು ಅದರ ಜಾಗದಲ್ಲಿ ಇಡುತ್ತದೆ. ನಿಜವಾದ ಸಾವು ಬಂದಾಗ, ಕೊನೆಯ ಅಂಕದ ಸಮಾಧಿಯಲ್ಲಿ, ಇಂಥ ಹಾಸ್ಯ ಇಲ್ಲವೇ ಇಲ್ಲ.

ಹಾಸ್ಯನಟನ ಬಲ ನಾಟಕಕಾರನಿಗೆ ತೊಡಕೂ ಆಗಿತ್ತು. ಬರೆದಿದ್ದಕ್ಕಿಂತ ಹೆಚ್ಚು ಆಡಿ, ತಾವೇ ಮೊದಲು ನಕ್ಕು ಪೆದ್ದ ಪ್ರೇಕ್ಷಕರನ್ನು ನಗಿಸುವ ಚಾಳಿಯ ಬಗ್ಗೆ ಹ್ಯಾಮ್ಲೆಟ್ ನಟರಿಗೆ ಎಚ್ಚರಿಕೆ ಕೊಡುವುದು ಎಲ್ಲರಿಗೂ ನೆನಪಿರಬಹುದು. ಕೆಂಪ್ ಹೋದ ಮೇಲೆ ಆ ಜಾಗಕ್ಕೆ ಬಂದ ರಾಬರ್ಟ್ ಆರ್ಮಿನ್ ಬೇರೆ ಜಾಯಮಾನದವನು. ಹಾಡುಗಾರ, ಸ್ವತಃ ಲೇಖಕ. ವಿದೂಷಕರ ಬಗ್ಗೆ ಪುಸ್ತಕ ಬರೆದಿದ್ದವನು. ಅವನು ಬಂದ ಮೇಲಿನ ನಾಟಕಗಳಲ್ಲಿ ಹಾಸ್ಯ ಕಾಲಿನಿಂದ ನಾಲಿಗೆಗೆ ಏರಿತು. ‘ಹ್ಯಾಮ್ಲೆಟ್’ನ ಗುಂಡಿ ತೋಡುವವನ ಪಾತ್ರ ಅವನದೇ ಇದ್ದಿರಬಹುದು ಎಂದು ವಿದ್ವಾಂಸರು ಊಹಿಸುತ್ತಾರೆ.

ಆ ಗುಂಡಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಐದನೇ ಅಂಕದ ಮೊದಲ ದೃಶ್ಯ. ಇಬ್ಬರು ಒಫೀಲಿಯಾಗೆ ಗುಂಡಿ ತೋಡುತ್ತಿದ್ದಾರೆ. ನೀರಿಗೆ ಬಿದ್ದು ಸತ್ತವಳಿಗೆ ಕ್ರೈಸ್ತ ವಿಧಿಯ ಸಂಸ್ಕಾರ ಹೇಗೆ ಸಲ್ಲುತ್ತದೆ ಎಂಬುದು ಅವರ ಜಿಜ್ಞಾಸೆ. ಹಿರಿಯನ ತರ್ಕ ಹೀಗಿದೆ: ಇಲ್ಲಿ ನೀರಿದೆ, ಇಲ್ಲಿ ಮನುಷ್ಯನಿದ್ದಾನೆ. ಮನುಷ್ಯ ನೀರಿನ ಹತ್ತಿರ ಹೋದರೆ ಅದು ಆತ್ಮಹತ್ಯೆ. ನೀರೇ ಮನುಷ್ಯನ ಹತ್ತಿರ ಬಂದರೆ ಅವನ ತಪ್ಪಿಲ್ಲ. ಕ್ರಿಯೆಗೆ ಮೂರು ಅಂಗಗಳು ಎಂದು ಅವನು ಬಿಡಿಸಿ ಹೇಳುವುದು ಅರ್ಥವಿಲ್ಲದ ಬಡಬಡಿಕೆಯಂತೆ ಕೇಳುತ್ತದೆ. ಆದರೆ ಅದರ ಹಿಂದೆ ನಿಜವಾದ ಮೊಕದ್ದಮೆಯೊಂದರ ನೆರಳಿದೆ. ಸರ್ ಜೇಮ್ಸ್ ಹೇಲ್ಸ್ ಎಂಬ ನ್ಯಾಯಾಧೀಶ 1554ರಲ್ಲಿ ಕ್ಯಾಂಟರ್ಬರಿಯ ಬಳಿ ನದಿಗೆ ಬಿದ್ದು ಪ್ರಾಣ ಕಳೆದುಕೊಂಡ. ಅದು ಆತ್ಮಹತ್ಯೆ ಎಂದು ತೀರ್ಮಾನವಾಗಿ ಅವನ ಆಸ್ತಿಯ ಹಕ್ಕು ಮುಟ್ಟುಗೋಲಾಯಿತು. ವಿಧವೆ ಮಾರ್ಗರೆಟ್ ನ್ಯಾಯಾಲಯಕ್ಕೆ ಹೋದಳು. ಸಾಯುವ ಯೋಚನೆ, ನಿರ್ಧಾರ, ಕೃತ್ಯ ಎಂದು ಕ್ರಿಯೆಯನ್ನು ಮೂರಾಗಿ ಸೀಳಿ ವಕೀಲರು ವಾದಿಸಿದರು. ವಿಧವೆ ಸೋತಳು. ಕಾನೂನು ಬಲ್ಲವರು ಗಂಭೀರವಾಗಿ ಆಡಿದ ಮಾತನ್ನೇ ನಾಟಕ ಗುದ್ದಲಿ ಹಿಡಿದವನ ಬಾಯಿಗೆ ಕೊಟ್ಟಿದೆ.

ಕಿರಿಯನಿಗೆ ತರ್ಕ ಬೇಕಿಲ್ಲ. ಅವಳು ದೊಡ್ಡ ಮನೆಯ ಹೆಣ್ಣಲ್ಲದಿದ್ದರೆ ಈ ಸಂಸ್ಕಾರ ಸಿಗುತ್ತಿರಲಿಲ್ಲ ಎಂದು ನೇರವಾಗಿ ಹೇಳಿಬಿಡುತ್ತಾನೆ. ಹೌದು, ನೀರಿಗೆ ಬೀಳಲು, ನೇಣು ಹಾಕಿಕೊಳ್ಳಲು ಕೂಡ ದೊಡ್ಡವರಿಗೇ ಹೆಚ್ಚು ಅನುಕೂಲ ಎಂದು ಹಿರಿಯ ಒಪ್ಪುತ್ತಾನೆ. ಇಡೀ ನಾಟಕದಲ್ಲಿ ಒಫೀಲಿಯಾಳ ಸಾವಿನ ಬಗ್ಗೆ ರಾಣಿ ಹೇಳುವ ಹೂವು, ಹೊಳೆ, ಹಾಡಿನ ವರ್ಣನೆ ಒಂದು ಕಡೆ. ಗುಂಡಿಯಲ್ಲಿ ನಿಂತವರ ಈ ಎರಡು ಮಾತು ಇನ್ನೊಂದು ಕಡೆ. ಅರಮನೆಯಲ್ಲಿ ಯಾರೂ ಆಡದ ಸತ್ಯ ಇವರ ಬಾಯಲ್ಲಿ ಸಲೀಸಾಗಿ ಬರುತ್ತದೆ, ಏಕೆಂದರೆ ಅವರಿಗೆ ಅಲ್ಲಿ ಬಚ್ಚಿಡಬೇಕಾದ್ದೇನೂ ಇಲ್ಲ.

ಆಮೇಲೆ ಹ್ಯಾಮ್ಲೆಟ್ ಬರುತ್ತಾನೆ. ತೋಡುವವನು ಹಾಡುತ್ತ ತಲೆಬುರುಡೆಗಳನ್ನು ಮೇಲಕ್ಕೆ ಎಸೆಯುತ್ತಿದ್ದಾನೆ. ಗುಂಡಿ ತೋಡುವಾಗ ಹಾಡುವ ಈ ಮನುಷ್ಯನಿಗೆ ತನ್ನ ಕೆಲಸದ ಅರಿವೇ ಇಲ್ಲವೇ ಎಂದು ರಾಜಕುಮಾರ ಬೆರಗಾದರೆ, ರೂಢಿಯಾಗಿಬಿಟ್ಟಿದೆ ಎಂದು ಹೊರೇಷಿಯೋ ಉತ್ತರ ಕೊಡುತ್ತಾನೆ. ಇದು ಯಾರ ಗುಂಡಿ ಎಂದು ಹ್ಯಾಮ್ಲೆಟ್ ಕೇಳುತ್ತಾನೆ. ನನ್ನದು ಎನ್ನುತ್ತಾನೆ ತೋಡುವವನು. ಯಾವ ಗಂಡಸಿಗೆ? ಗಂಡಸಿಗಲ್ಲ. ಯಾವ ಹೆಂಗಸಿಗೆ? ಹೆಂಗಸಿಗೂ ಅಲ್ಲ, ಒಂದು ಕಾಲಕ್ಕೆ ಹೆಂಗಸಾಗಿದ್ದವಳಿಗೆ. ಪೊಲೋನಿಯಸ್‌ನನ್ನು, ಹಳೆಯ ಗೆಳೆಯರನ್ನು, ರಾಜನನ್ನು ಮಾತಿನಲ್ಲಿ ಸುತ್ತಿ ಬಿಸಾಡಿದ ಹ್ಯಾಮ್ಲೆಟ್‌ಗೆ ಮಾತಿನಲ್ಲಿ ಸಮ ನಿಂತವನು ಇಡೀ ನಾಟಕದಲ್ಲಿ ಇವನೊಬ್ಬನೇ. ತನ್ನೆದುರು ನಿಂತವನು ಯಾರೆಂದೂ ಅವನಿಗೆ ತಿಳಿಯದು. ರಾಜಕುಮಾರನಿಗೆ ಹುಚ್ಚು ಹಿಡಿದಿದೆ, ಇಂಗ್ಲೆಂಡಿಗೆ ಕಳಿಸಿದ್ದಾರೆ, ಅಲ್ಲಿ ವಾಸಿಯಾಗದಿದ್ದರೂ ಚಿಂತೆಯಿಲ್ಲ, ಅಲ್ಲಿರುವವರೆಲ್ಲ ಅವನಷ್ಟೇ ಹುಚ್ಚರು ಎಂದು ಆ ರಾಜಕುಮಾರನ ಮುಖಕ್ಕೇ ಹೇಳುತ್ತಾನೆ. ಲಂಡನ್ನಿನ ಪ್ರೇಕ್ಷಕರು ಈ ಮಾತಿಗೆ ಹೇಗೆ ನಕ್ಕಿರಬೇಕು!

ತಾನು ಈ ಕೆಲಸ ಹಿಡಿದ ದಿನವನ್ನೂ ಅವನು ಹೇಳುತ್ತಾನೆ: ಹ್ಯಾಮ್ಲೆಟ್ ಹುಟ್ಟಿದ ದಿನ. ಮೂವತ್ತು ವರ್ಷಗಳಿಂದ, ಹ್ಯಾಮ್ಲೆಟ್ ಎಷ್ಟು ಕಾಲ ಬದುಕಿದ್ದಾನೋ ಅಷ್ಟೂ ಕಾಲ ಈ ಗುದ್ದಲಿ ನಡೆಯುತ್ತ ಬಂದಿದೆ. ಹೆಣ ಮಣ್ಣಲ್ಲಿ ಎಷ್ಟು ದಿನಕ್ಕೆ ಕೊಳೆಯುತ್ತದೆ ಎಂದು ಕೇಳಿದರೆ ಕಸುಬುದಾರನ ಲೆಕ್ಕ ಕೊಡುತ್ತಾನೆ. ಚರ್ಮ ಹದ ಮಾಡುವವನಾದರೆ ಒಂಬತ್ತು ವರ್ಷ, ಅವನ ಚರ್ಮವೂ ಕಸುಬಿನಿಂದ ಹದವಾಗಿ ನೀರು ತಡೆಯುತ್ತದೆ ಎನ್ನುತ್ತಾನೆ. ತತ್ತ್ವ ಹೇಳುವ ಉದ್ದೇಶ ಅವನಿಗಿಲ್ಲ. ನಾಲ್ಕು ಅಂಕಗಳ ಉದ್ದಕ್ಕೂ ಸಾವಿನ ಬಗ್ಗೆ ಯೋಚಿಸಿ ಬಳಲಿದ ಹ್ಯಾಮ್ಲೆಟ್‌ಗೆ ಸಾವಿನ ಬಗ್ಗೆ ಮೊದಲ ಸಲ ಖಚಿತವಾದ ಮಾಹಿತಿ ಸಿಗುವುದು ಇಲ್ಲಿ. ಯೊರಿಕ್‌ನ ಬುರುಡೆ ಕೈಗೆ ಬಂದಾಗ ಅವನು ನೆನೆಯುವುದೂ ಒಬ್ಬ ನಗಿಸುವವನನ್ನೇ, ತನ್ನನ್ನು ಬೆನ್ನ ಮೇಲೆ ಹೊತ್ತು ಆಡಿಸಿದ ಆಸ್ಥಾನದ ವಿದೂಷಕನನ್ನು. ಅದು ಮುಗಿಯುವಷ್ಟರಲ್ಲಿ ಒಫೀಲಿಯಾಳ ಶವ ಬರುತ್ತದೆ. ಇಷ್ಟು ಹೊತ್ತು ಪಕ್ಕದಲ್ಲಿ ನಿಂತು ನಗೆಯಾಡಿದ ಗುಂಡಿ ಯಾರದೆಂದು ಹ್ಯಾಮ್ಲೆಟ್‌ಗೆ ತಿಳಿಯುವುದು ಆಗ. ಈ ದೃಶ್ಯದ ನಂತರದ ಹ್ಯಾಮ್ಲೆಟ್ ಹಿಂದಿನ ಹ್ಯಾಮ್ಲೆಟ್ ಅಲ್ಲ. ಬರುವುದು ಬರಲಿ ಎಂಬ ಸಿದ್ಧತೆ ಅವನಲ್ಲಿ ಕಾಣುತ್ತದೆ.

ಇಷ್ಟು ಕೆಲಸ ಮಾಡುವ ದೃಶ್ಯವನ್ನು ವೋಲ್ಟೇರ್ 1748ರಲ್ಲಿ ಅನಾಗರಿಕತನದ ಗುರುತಾಗಿ ತೋರಿಸಿದ. ಗುಂಡಿ ತೋಡುವವರು ಕುಡಿಯುತ್ತ ಹಾಡುತ್ತ ಬುರುಡೆಗಳ ಜೊತೆ ತಮಾಷೆ ಮಾಡುವುದು ಅವನಿಗೆ ಸಹ್ಯವಾಗಲಿಲ್ಲ. ಅವನದು ಫ್ರಾನ್ಸಿನ ಕಟ್ಟುನಿಟ್ಟು, ಹೋಗಲಿ ಎನ್ನಬಹುದು. ಶೇಕ್ಸ್‌ಪಿಯರ್‌ನನ್ನು ಆರಾಧಿಸಿದ ಡೇವಿಡ್ ಗ್ಯಾರಿಕ್ ಕೂಡ 1772ರಲ್ಲಿ ಡ್ರೂರಿ ಲೇನ್ ರಂಗಮಂದಿರದಲ್ಲಿ ಆಡಿಸಿದ ‘ಹ್ಯಾಮ್ಲೆಟ್’ನಿಂದ ಗುಂಡಿ ತೋಡುವವರನ್ನು ತೆಗೆದುಹಾಕಿದ. ‘ಮ್ಯಾಕ್‌ಬೆತ್’ನ ಬಾಗಿಲು ಕಾಯುವವನ ಗತಿಯೂ ಇದೇ. 1660ರ ದಶಕದ ಡೇವೆನೆಂಟ್‌ನ ರೂಪಾಂತರದಲ್ಲಿ ಅವನಿಲ್ಲ. ಜರ್ಮನಿಯಲ್ಲಿ ಷಿಲ್ಲರ್ 1800ರಲ್ಲಿ ಮಾಡಿದ ರೂಪಾಂತರದಲ್ಲಿ ಅವನ ಪೋಲಿ ಮಾತಿನ ಜಾಗಕ್ಕೆ ಭಕ್ತಿಯ ಉದಯರಾಗ ಬಂತು. ಕೋಲ್‌ರಿಜ್‌ನಂಥ ಸೂಕ್ಷ್ಮಗ್ರಾಹಿ ವಿಮರ್ಶಕ ಕೂಡ, ಒಂದೆರಡು ಮಾತು ಬಿಟ್ಟರೆ ಈ ದೃಶ್ಯ ಶೇಕ್ಸ್‌ಪಿಯರ್‌ನದೇ ಅಲ್ಲ, ಜನಮೆಚ್ಚುಗೆಗೆ ಬೇರೆ ಯಾರೋ ಸೇರಿಸಿದ್ದು ಎಂದು ನಂಬಿದ್ದ. ಇವರ ನಡುವೆ 1765ರಲ್ಲಿ ಡಾ. ಜಾನ್ಸನ್ ತನ್ನ ಶೇಕ್ಸ್‌ಪಿಯರ್ ಸಂಪುಟಗಳ ಮುನ್ನುಡಿಯಲ್ಲಿ ಬೆರಕೆಯ ಪರ ನಿಂತದ್ದು ದೊಡ್ಡ ಧೈರ್ಯ. ಒಬ್ಬ ಗೆಳೆಯನನ್ನು ಮಣ್ಣು ಮಾಡುತ್ತಿರುವ ಹೊತ್ತಿಗೇ ಇನ್ನೊಬ್ಬ ಹೆಂಡದ ಕಡೆಗೆ ಓಡುತ್ತಿರುತ್ತಾನೆ, ಲೋಕ ಇರುವುದೇ ಹಾಗೆ ಎಂಬುದು ಅವನ ವಾದ.

ಕಾವಲುಗಾರನನ್ನು ತೆಗೆದರೆ ನಾಟಕಕ್ಕೆ ಏನು ನಷ್ಟ? ಮೊದಲನೆಯದು ತೀರ ವ್ಯಾವಹಾರಿಕ. ಮ್ಯಾಕ್‌ಬೆತ್ ಪಾತ್ರದ ನಟ ರಕ್ತ ತೊಳೆದು, ಉಡುಪು ಬದಲಿಸಿ, ಈಗ ತಾನೇ ಎದ್ದವನಂತೆ ಬರಬೇಕು. ಅದಕ್ಕೆ ಸಮಯ ಬೇಕು ಎಂಬುದನ್ನು ಎಡ್ವರ್ಡ್ ಕೇಪೆಲ್ ಎಂಬ ಹದಿನೆಂಟನೇ ಶತಮಾನದ ಸಂಪಾದಕ ಗುರುತಿಸಿದ್ದ. ನಮ್ಮ ಕಂಪನಿ ನಾಟಕಗಳಲ್ಲಿ ಹಿಂದೆ ದರ್ಬಾರಿನ ಸೀನು ಕಟ್ಟುತ್ತಿರುವಾಗ ಮುಂದಿನ ಪರದೆಯೆದುರು ಹಾಸ್ಯದ ಜೋಡಿಯನ್ನು ಬಿಡುತ್ತಿದ್ದಂತೆಯೇ ಇದು. ಎರಡನೆಯದು ಆಳವಾದದ್ದು. 1605ರ ನವೆಂಬರ್‌ನಲ್ಲಿ ಪಾರ್ಲಿಮೆಂಟನ್ನು ಮದ್ದಿಟ್ಟು ಹಾರಿಸುವ ಸಂಚು ಬಯಲಾಗಿತ್ತು. ಆ ಸಂಬಂಧ ಹೆನ್ರಿ ಗಾರ್ನೆಟ್ ಎಂಬ ಜೆಸ್ಯೂಟ್ ಪಾದ್ರಿಯನ್ನು 1606ರ ಮೇ ತಿಂಗಳಲ್ಲಿ ಗಲ್ಲಿಗೇರಿಸಿದರು. ಆಣೆಯಿಟ್ಟೂ ಎರಡರ್ಥದ ಮಾತಾಡುವುದು ಪಾಪವಲ್ಲ ಎಂಬ ಅವನ ಸಮರ್ಥನೆ ಊರೆಲ್ಲ ಚರ್ಚೆಯಾಗಿತ್ತು. ನರಕದ ಬಾಗಿಲಿಗೆ ಬಂದ ಇಬ್ಬಗೆಯ ಮಾತಿನವನು ಕೇಳಿದವರಿಗೆಲ್ಲ ಗುರುತು ಸಿಕ್ಕಿರಬೇಕು. ಆದರೆ ಎರಡರ್ಥದ ಮಾತು ‘ಮ್ಯಾಕ್‌ಬೆತ್’ನ ಒಳಗಿನ ವಿಷವೂ ಹೌದು. ಮಾಟಗಾತಿಯರು ಸುಳ್ಳು ಹೇಳುವುದಿಲ್ಲ. ಕಾಡು ನಡೆದು ಬರುವ ತನಕ, ಹೆಣ್ಣು ಹೆರದವನು ಎದುರಾಗುವ ತನಕ ಅಪಾಯವಿಲ್ಲ ಎನ್ನುತ್ತಾರೆ, ಅಷ್ಟೆ. ಕೊನೆಯ ಅಂಕದಲ್ಲಿ ಮ್ಯಾಕ್‌ಬೆತ್‌ಗೆ ತಾನು ಮೋಸ ಹೋದದ್ದು ಹೊಳೆಯುತ್ತದೆ. ಅವನಿಗೆ ಆಗ ಹೊಳೆದದ್ದನ್ನು ಅವನ ಮನೆಯ ಆಳು ಎರಡನೇ ಅಂಕದಲ್ಲೇ, ಅಮಲಿನಲ್ಲಿ, ನಗೆಗೆಂದು ಹೇಳಿ ಮುಗಿಸಿದ್ದಾನೆ. ಆ ಮನೆ ನರಕ ಎಂಬುದನ್ನೂ ಅವನೇ ಹೇಳಿದ್ದು.

ಥಾಮಸ್ ಡಿ ಕ್ವಿನ್ಸಿ 1823ರಲ್ಲಿ ಈ ಬಾಗಿಲ ಬಡಿತದ ಬಗ್ಗೆ ಬರೆದ ಪುಟ್ಟ ಪ್ರಬಂಧ ಇಂದಿಗೂ ಹೊಸದಾಗಿದೆ. 1811ರಲ್ಲಿ ಲಂಡನ್ನಿನ ರ‍್ಯಾಟ್‌ಕ್ಲಿಫ್ ಹೈವೇಯ ಮನೆಯೊಂದರಲ್ಲಿ ನಡೆದ ಕೊಲೆಗಳ ವೇಳೆಯೂ ಹೊರಗೆ ಹೋಗಿದ್ದ ಕೆಲಸದ ಹುಡುಗಿ ವಾಪಸು ಬಂದು ಕದ ತಟ್ಟಿದ್ದಳು. ಅದು ಡಿ ಕ್ವಿನ್ಸಿಯ ಮನಸ್ಸಿನಲ್ಲಿ ಉಳಿದಿತ್ತು. ಕೊಲೆಯ ಹೊತ್ತಿಗೆ ಲೋಕದ ವ್ಯವಹಾರವೆಲ್ಲ ನಿಂತಿರುತ್ತದೆ, ಬಡಿತ ಕೇಳಿದಾಗ ಲೋಕ ಮತ್ತೆ ಉಸಿರಾಡತೊಡಗುತ್ತದೆ, ನಿಂತಿತ್ತೆಂಬುದು ಗೊತ್ತಾಗುವುದೇ ಆಗ ಎಂದು ಅವನು ವಿವರಿಸುತ್ತಾನೆ. ಸದ್ದಿನ ಬಗ್ಗೆ ಅಷ್ಟು ಚೆನ್ನಾಗಿ ಬರೆದವನು ಎದ್ದು ಬಂದು ಕದ ತೆರೆಯುವವನ ಬಗ್ಗೆ ಬರೆಯದೇ ಹೋದ. ಮರಳಿ ಬರುವ ಲೋಕಕ್ಕೆ ಒಂದು ದೇಹ, ತಲೆನೋವು, ಭಕ್ಷೀಸಿನ ಆಸೆ ಎಲ್ಲ ಇರುವುದು ಅವನಿಂದ. ಲೇಡಿ ಮ್ಯಾಕ್‌ಬೆತ್‌ಗಂತೂ ಆ ಬಡಿತ ನಿಲ್ಲುವುದೇ ಇಲ್ಲ; ಐದನೇ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತ ಅವಳು ಕೇಳಿಸಿಕೊಳ್ಳುವುದು ಅದನ್ನೇ.

‘ಕಿಂಗ್ ಲಿಯರ್’ನ ವಿದೂಷಕನ ವಿಷಯ ಸ್ವಲ್ಪ ಬೇರೆ. ಅವನಿಗೆ ಎಲ್ಲ ತಿಳಿದಿದೆ. ಆದರೂ ಅವನೂ ಕೆಲಸದಲ್ಲಿರುವವನೇ, ಅದೂ ಚಾವಟಿಯ ಭಯದಲ್ಲಿ: ನಿಜ ಹೇಳಿದರೆ ರಾಜನ ಹೆಣ್ಣುಮಕ್ಕಳು ಹೊಡೆಸುತ್ತಾರೆ, ಸುಳ್ಳು ಹೇಳಿದರೆ ರಾಜ ಹೊಡೆಸುತ್ತಾನೆ, ಬಾಯಿ ಮುಚ್ಚಿಕೊಂಡರೂ ಒಮ್ಮೊಮ್ಮೆ ಏಟು ಬೀಳುತ್ತದೆ ಎಂದು ಗೋಳು ಹೇಳಿಕೊಳ್ಳುತ್ತಾನೆ. ರಾಜ್ಯ ಹಂಚಿಬಿಟ್ಟ ಮುದುಕನಿಗೆ ಒಗಟಿನಲ್ಲಿ, ಹಾಡಿನಲ್ಲಿ ಅವನ ಮೂರ್ಖತನವನ್ನೇ ಬಿಡಿಸಿ ತೋರಿಸುತ್ತಾನೆ. ಆ ನಗೆ ಲಿಯರ್‌ಗೆ ಬಿಡುವು ಕೊಡುವುದಿಲ್ಲ, ಗಾಯವನ್ನೇ ಮುಟ್ಟಿ ಮುಟ್ಟಿ ನೋಡುತ್ತದೆ. ಮೂರನೇ ಅಂಕದಲ್ಲಿ ಬಿರುಗಾಳಿ ಮುಗಿದು ಲಿಯರ್‌ಗೆ ಪೂರ್ತಿ ಬುದ್ಧಿ ಕದಡಿದ ಮೇಲೆ ವಿದೂಷಕ ನಾಟಕದಿಂದಲೇ ಕಾಣೆಯಾಗುತ್ತಾನೆ. ಎಲ್ಲಿ ಹೋದ ಎಂದು ಯಾರೂ ಹೇಳುವುದಿಲ್ಲ. ನೇಹಮ್ ಟೇಟ್ 1681ರಲ್ಲಿ ಈ ನಾಟಕವನ್ನು ತಿದ್ದಿ ಬರೆದಾಗ ಲಿಯರ್‌ನ ಮಗಳು ಕಾರ್ಡೀಲಿಯಾಳನ್ನು ಬದುಕಿಸಿ ಮದುವೆ ಮಾಡಿಸಿದ, ವಿದೂಷಕನನ್ನು ಪೂರ್ತಿ ಅಳಿಸಿದ. ಒಂದೂವರೆ ಶತಮಾನ ಇಂಗ್ಲಿಷ್ ರಂಗ ಆ ಲಿಯರ್‌ನನ್ನೇ ಆಡಿತು. 1823ರಲ್ಲಿ ಎಡ್ಮಂಡ್ ಕೀನ್ ದುರಂತದ ಕೊನೆಯನ್ನು ಮರಳಿ ತಂದ, ವಿದೂಷಕನನ್ನು ತರಲಿಲ್ಲ. 1838ರಲ್ಲಿ ಮ್ಯಾಕ್ರೆಡಿ, ಬಹಳ ಹಿಂಜರಿದು, ಪ್ರಿಸಿಲ್ಲಾ ಹಾರ್ಟನ್ ಎಂಬ ನಟಿಗೆ ಆ ಪಾತ್ರ ಕೊಟ್ಟು ಆಡಿಸಿದ. ಸಾವನ್ನು ರಂಗಕ್ಕೆ ಮರಳಿಸಲು ಹೆದರದವರು ವಿದೂಷಕನಿಗೆ ಹೆದರಿದರು ಎಂಬ ಈ ಚರಿತ್ರೆ ನನ್ನನ್ನು ಬಹಳ ಕಾಡಿದೆ.

ನನ್ನ ಮಟ್ಟಿಗೆ ಈ ಕಲೆಯ ಶಿಖರ ‘ಆಂಟನಿ ಅಂಡ್ ಕ್ಲಿಯೋಪಾತ್ರ’ದ ಕೊನೆಯಲ್ಲಿದೆ. ಶೇಕ್ಸ್‌ಪಿಯರ್‌ಗೆ ಆಕರವಾದ ಪ್ಲೂಟಾರ್ಕ್‌ನ ಚರಿತ್ರೆಯಲ್ಲಿ ಒಬ್ಬ ಹಳ್ಳಿಗ ಅಂಜೂರದ ಬುಟ್ಟಿ ತರುತ್ತಾನೆ, ಕಾವಲಿನವರು ಕೇಳಿದರೆ ಹಣ್ಣು ತೋರಿಸಿ ನಗುತ್ತಾನೆ, ಅಲ್ಲಿಗೆ ಅವನ ಕೆಲಸ ಮುಗಿಯಿತು. ನಾಟಕ ಅವನನ್ನು ರಾಣಿಯ ಮುಂದೆಯೇ ತಂದು ನಿಲ್ಲಿಸುತ್ತದೆ. ಬುಟ್ಟಿಯಲ್ಲಿ ಹಣ್ಣಿನ ಕೆಳಗೆ ವಿಷದ ಹಾವಿದೆ. ಅವಳು ಸಾಯಲು ಸಿದ್ಧಳಾಗಿದ್ದಾಳೆ, ಕಿರೀಟ ತರಿಸುವುದೊಂದೇ ಬಾಕಿ. ಇವನಿಗೆ ಹೋಗುವ ಆತುರವಿಲ್ಲ. ಹಾವಿನ ಬಗ್ಗೆ ಒಬ್ಬ ಜವಾಬ್ದಾರಿಯುತ ವ್ಯಾಪಾರಿಯಂತೆ ಎಚ್ಚರಿಕೆ ಹೇಳುತ್ತಾನೆ. ಇದು ಕಚ್ಚಿ ಸತ್ತವರು ಚೇತರಿಸಿಕೊಳ್ಳುವುದು ಅಪರೂಪ ಎನ್ನುತ್ತಾನೆ. ನಿನ್ನೆ ತಾನೇ ಒಬ್ಬ ಹೆಂಗಸು ಸತ್ತಳು, ಕಡಿತದ ನೋವು ಹೇಗಿತ್ತೆಂದು ಅವಳೇ ವರದಿ ಕೊಟ್ಟಳು ಎನ್ನುತ್ತಾನೆ. ಹೋಗಿ ಬಾ ಎನ್ನುತ್ತಾಳೆ ರಾಣಿ. ಅವನು ಮತ್ತೊಂದು ಬುದ್ಧಿಮಾತು ಹೇಳುತ್ತಾನೆ. ನಾಲ್ಕು ಸಲ ಬೀಳ್ಕೊಡಬೇಕಾಗುತ್ತದೆ. ಇದಕ್ಕೆ ಏನೂ ತಿನ್ನಲು ಕೊಡಬೇಡಿ, ಸಾಕುವುದು ಲಾಭವಿಲ್ಲ ಎಂದೂ ಸೇರಿಸುತ್ತಾನೆ.

ಈಜಿಪ್ಟಿನ ರಾಣಿಗೆ ಕೊನೆಯದಾಗಿ ಹೊರಗಿನ ಲೋಕದಿಂದ ಬಂದ ಮನುಷ್ಯ ಇವನು. ಅವಳನ್ನು ಸೋಲಿಸಿದ ಸೀಸರನ ಕಡೆಯವರ ಮಾತಲ್ಲಿ ಎಲ್ಲ ಕಪಟ; ಇವನ ಮಾತಲ್ಲಿ ಕಪಟವೇ ಇಲ್ಲ. ಅವಳು ತಾಳ್ಮೆಯಿಂದ ಕೇಳುತ್ತಾಳೆ, ನಾವೂ ನಗುತ್ತೇವೆ, ಮತ್ತು ಆ ನಗೆಯ ಜೊತೆಗೆ ಅವನು ಬೇಗ ಹೋಗದಿರಲಿ ಎನಿಸುತ್ತಿರುತ್ತದೆ; ಅವನು ಇರುವಷ್ಟು ಹೊತ್ತು ಅವಳು ಬದುಕಿರುತ್ತಾಳೆ. ಅವನು ಹೋದ ಮರುಕ್ಷಣ ಅವಳ ಮಾತು ಇಡೀ ನಾಟಕದಲ್ಲಿ ಮುಟ್ಟದ ಎತ್ತರಕ್ಕೆ ಏರುತ್ತದೆ. ಹಳ್ಳಿಗನ ಗದ್ಯವಿಲ್ಲದೆ ಆ ಪದ್ಯಕ್ಕೆ ಅಷ್ಟು ಎತ್ತರ ದಕ್ಕುತ್ತಿರಲಿಲ್ಲ.

ಎಲ್ಲ ಕಡೆ ಈ ಬೆರಕೆ ಸಿದ್ಧಿಸಿದೆ ಎಂದಲ್ಲ. ಮಾರ್ಲೋನ ‘ಡಾಕ್ಟರ್ ಫಾಸ್ಟಸ್’ನಲ್ಲಿ ಆಳುಗಳು ಮಂತ್ರದ ಪುಸ್ತಕ ಕದ್ದು ಪಿಶಾಚಿ ಕರೆಯುವುದು ಫಾಸ್ಟಸ್‌ನ ದೊಡ್ಡ ಆಸೆಗೆ ಹಿಡಿದ ಸಣ್ಣ ಕನ್ನಡಿಯಾಗಿ ಚೆನ್ನಾಗಿದೆ, ಕುದುರೆ ವ್ಯಾಪಾರಿಯ ಕೈಗೆ ಫಾಸ್ಟಸ್‌ನ ಕಾಲೇ ಕಿತ್ತು ಬರುವಂಥ ಚೇಷ್ಟೆಗಳು ಎಳೆದಂತಿವೆ. ಆ ನಾಟಕಕ್ಕೆ ಸೇರಿಸಿ ಬರೆಯಲು 1602ರಲ್ಲಿ ಇಬ್ಬರು ಬರಹಗಾರರಿಗೆ ರಂಗಮಂದಿರದ ಮಾಲೀಕ ಹೆನ್‌ಸ್ಲೋ ನಾಲ್ಕು ಪೌಂಡ್ ಕೊಟ್ಟದ್ದು ಅವನ ಲೆಕ್ಕದ ಪುಸ್ತಕದಲ್ಲಿದೆ. ಯಾವ ನಗೆ ಮಾರ್ಲೋನದು, ಯಾವುದು ಕೂಲಿಯದು ಎಂಬ ಜಗಳ ಇನ್ನೂ ಮುಗಿದಿಲ್ಲ.

‘ಒಥೆಲೊ’ದಲ್ಲಿ ಒಬ್ಬ ಕೋಡಂಗಿ ಇದ್ದಾನೆ ಎಂಬುದೇ ಹಲವರಿಗೆ ನೆನಪಿರುವುದಿಲ್ಲ. ಮೂರನೇ ಅಂಕದ ಆರಂಭದಲ್ಲಿ ಬಂದು ಊದುವ ವಾದ್ಯದವರನ್ನು ರೇಗಿಸಿ, ದುಡ್ಡು ಕೊಟ್ಟು ಕಳಿಸುತ್ತಾನೆ. ನಿರ್ದೇಶಕರು ಅವನನ್ನು ಕತ್ತರಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಅದೇ ಲೇಖಕ, ಅದೇ ತಂಡ, ಬಹುಶಃ ಅದೇ ಹಾಸ್ಯನಟ; ಆದರೂ ಇಲ್ಲಿ ನಗೆ ಹುಟ್ಟುವುದಿಲ್ಲ. ಥಾಮಸ್ ರೈಮರ್ ಎಂಬ ವಿಮರ್ಶಕ 1693ರಲ್ಲಿ ‘ಒಥೆಲೊ’ವನ್ನು ರಕ್ತ ಹರಿಸುವ ಪ್ರಹಸನ ಎಂದು ಹೀಗಳೆದ. ಹೀಗಳೆಯುವ ಭರದಲ್ಲಿ ಅವನು ಒಂದು ನಿಜವನ್ನು ಮುಟ್ಟಿದ್ದ. ನಡುರಾತ್ರಿ ಕೂಗಿ ಎಬ್ಬಿಸಿದ ಅಪ್ಪ, ಕಳೆದುಹೋದ ಕರವಸ್ತ್ರ, ದುಡ್ಡು ಕಳೆದುಕೊಳ್ಳುವ ಪೆದ್ದ ಪ್ರೇಮಿ ರೊಡೆರಿಗೊ, ಹೆಂಡತಿಯ ಮೇಲೆ ಅನುಮಾನ ಪಡುವ ಗಂಡ, ಎಲ್ಲರನ್ನೂ ಕುಣಿಸುವ ಚಾಲಾಕಿ ಸೇವಕ: ಸಾಮಾನೆಲ್ಲ ಪ್ರಹಸನದ್ದೇ. ಆ ನಾಟಕದಲ್ಲಿ ನಮ್ಮನ್ನು ನಗಿಸುವವನು ಇಯಾಗೊ. ರಂಗದ ಅಂಚಿಗೆ ಬಂದು ಪ್ರೇಕ್ಷಕರ ಜೊತೆ ಮಾತಾಡುವ, ಕೋಡಂಗಿಗೆ ಸೇರಬೇಕಾದ ಸಲಿಗೆಯನ್ನು ಅವನು ಕಿತ್ತುಕೊಂಡಿದ್ದಾನೆ. ಅವನೂ ನೌಕರನೇ, ತನಗೆ ಬರಬೇಕಿದ್ದ ಬಡ್ತಿ ಕ್ಯಾಸಿಯೊಗೆ ಹೋಯಿತು ಎಂದು ಕುದಿಯುವವನು. ಕಾವಲುಗಾರನಿಗೆ, ಗುಂಡಿ ತೋಡುವವನಿಗೆ, ಹಾವಿನ ಬುಟ್ಟಿಯವನಿಗೆ ಒಡೆಯರ ದುರಂತ ತಿಳಿದಿರಲಿಲ್ಲ. ಇವನು ಅದನ್ನು ತಾನೇ ಕಟ್ಟುತ್ತಿದ್ದಾನೆ. ರೊಡೆರಿಗೊನನ್ನು ಅವನು ಸುಲಿಯುವಾಗ ನಾವು ನಗುತ್ತೇವೆ. ಅದೇ ಜಾಣತನ ಒಥೆಲೊ ಮೇಲೆ ತಿರುಗಿದಾಗ ನಗೆ ನಿಲ್ಲಿಸಬೇಕೆಂದು ನಮಗೆ ಹೊಳೆಯುವುದು ತಡವಾಗಿ.